ಮಾಳಿಗೆಯ ಮೇಲಿನ ಗೋಡೆ

ಹೊಸದಾಗಿ ನೌಕರಿಗೆ ಸೇರಿದ ಹುಡುಗರು ಆಗೀಗ ನನ್ನ ಮನೆಯ ಕಟ್ಟೆಗೆ ಬಂದು ಕೂಡುತ್ತಾರೆ. ಚಹಾ ಕುಡಿಯುತ್ತಾರೆ, ಚುರುಮುರಿ ತಿನ್ನುತ್ತಾರೆ, ಆಮೇಲೆ ಮೆಲ್ಲಗೆ ಕೇಳುತ್ತಾರೆ: "ಅಜ್ಜಾರ, ನಿಮಗ ಪ್ರಮೋಶನ್ ಯಾವಾಗ ಆತ್ರಿ?" ನನಗೆ ಸಿಟ್ಟು ಬರುತ್ತದೆ. ಮನೆ ಕಟ್ಟಿಸುವ ಕಚೇರಿಗೆ ಸೇರಿದವನು ಮೊದಲು ಕೇಳಬೇಕಾದದ್ದು ಇದೇ ಏನಪ್ಪಾ? ನೀವು ಕಾಗದದ ಮೇಲೆ ಬರೆದ ಮನೆಯೊಳಗೆ ಮಂದಿ ಹೋಗಿ ಉಂಡು ಮಲಗಿದ ಮೇಲೆ ಏನಾಯಿತು ಎಂದು ಕೇಳಿರಿ. ಯಾರೂ ಕೇಳುವುದಿಲ್ಲ. ಅದಕ್ಕೇ, ಕೇಳದಿದ್ದರೂ ಹೇಳಲಿಕ್ಕೆ ಕೂತಿದ್ದೇನೆ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ, ಬೈಗುಳ ಮಾತ್ರ ಕನ್ನಡದಲ್ಲಿ. ನಾನು ನಕ್ಷೆ ಬರೆಯುವವನು. ಗಂಜಿ ಬಳಿದು ನುಣುಪು ಮಾಡಿದ ಬಟ್ಟೆಯ ಮೇಲೆ ಕಪ್ಪು ಶಾಯಿಯಿಂದ ಗೆರೆ ಎಳೆಯುವ ಕೆಲಸ. ಬೇಸಿಗೆಯಲ್ಲಿ ಮುಂಗೈ ಬೆವರು ಬಿದ್ದರೆ ಮುಗಿಯಿತು, ಇಡೀ ದಿನದ ಕೆಲಸ ನೀರಲ್ಲಿ ಹೋಯಿತು ಅಂತಲೇ ಲೆಕ್ಕ. ಆ ಶಾಯಿಯ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ನನಗೆ ಇಪ್ಪತ್ತರ ಹರೆಯ ನೆನಪಾಗುತ್ತದೆ.

ಮೊದಮೊದಲು ನಾನು ಮಾಡಿದ ಮನೆಗಳ ಕತೆ ಕೇಳಿದರೆ ನಗುತ್ತೀರಿ. ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ಆಳುಗಳಿಗೆ ಒಂದು ಸಾಲು ಮನೆ ಎದ್ದಿತು. ಗದ್ದೆಯ ಕಡೆಯಿಂದ ತಂಪುಗಾಳಿ ಬರಲಿ ಎಂದು ಆ ಕಡೆಗೇ ದೊಡ್ಡ ದೊಡ್ಡ ಕಿಟಕಿ ಇಡಿಸಿದೆ. ಮಳೆಗಾಲ ಕಳೆದ ಮೇಲೆ ಹೋಗಿ ನೋಡಿದರೆ ಎಲ್ಲ ಕಿಟಕಿಗೂ ಗೋಣಿತಟ್ಟು ತುರುಕಿದ್ದಾರೆ. ಒಬ್ಬ ಮುದುಕಿ ನನ್ನ ಗದ್ದ ಹಿಡಿದು ಹೇಳಿದಳು: "ಕಿಡಕಿ ಭಾಳ ಛಲೋ ಆಗ್ಯಾವ ನೋಡಪ್ಪ. ಸೊಳ್ಳಿಗೋಳು ನಿನ್ನ ಹೆಸರು ಹೇಳಿ ಒಳಗ ಬರ್ತಾವ." ಯಲಬುರ್ಗಿಯಲ್ಲಿ ಬಾಗಿಲು ಪಡುವಣಕ್ಕೆ ಇಟ್ಟು, ಗಾಳಿಯ ದಿನಗಳಲ್ಲಿ ಎರೆಹೊಲದ ಧೂಳನ್ನೆಲ್ಲ ಮಂದಿಯ ರೊಟ್ಟಿಗೆ ಬಡಿಸಿದೆ. ಕುಷ್ಟಗಿಯಲ್ಲಿದ್ದ ಮೇಲಧಿಕಾರಿ ಒಬ್ಬರಿಗೆ ಮನೆಯ ಮುಂದಿನ ಕಟ್ಟೆ ಎಂದರೆ ಆಗುತ್ತಿರಲಿಲ್ಲ. ಕಟ್ಟೆ ಇದ್ದರೆ ಗಂಡಸರು ಕೆಲಸಕ್ಕೆ ಹೋಗದೆ ಕೂತು ಹರಟೆ ಹೊಡೆಯುತ್ತಾರೆ ಎಂದು ಅದನ್ನೇ ತೆಗೆಸಿಬಿಟ್ಟರು. ಮಂದಿ ಬಿಟ್ಟಾರೆಯೇ? ಹೊಲದಿಂದ ಕಲ್ಲು ಹೊತ್ತು ತಂದು ಮನೆಗೊಂದು ನಮೂನೆಯ ಕಟ್ಟೆ ಹಾಕಿಕೊಂಡರು. ಒಂದೇ ಬೇಸಿಗೆಯಲ್ಲಿ ಓಣಿ ಎಷ್ಟು ಕಿರಿದಾಯಿತೆಂದರೆ ಆ ಸಾಹೇಬರ ಕುದುರೆ ಗಾಡಿಯೇ ಒಳಗೆ ಹೋಗದಂತಾಯಿತು. ನಮ್ಮ ಕಡೆಯ ಮಂದಿ ಮನೆಯೊಳಗೆ ಅಡಿಗೆ ಮಾಡುತ್ತಾರೆ, ಸಾಮಾನು ಇಡುತ್ತಾರೆ, ಅಷ್ಟೇ. ಬದುಕೋದು ಹೊರಗೆ. ಇದು ನನ್ನ ತಲೆಗೆ ಹೋಗಲಿಕ್ಕೆ ಕೊಪ್ಪಳಕ್ಕೆ ಬರಬೇಕಾಯಿತು.

ಕೊಪ್ಪಳದ ಕೋಟೆಯ ಕೆಳಗಿನ ಹಳೆಯ ಓಣಿಯಲ್ಲಿ ಒಂದು ವರ್ಷ ಇಲಿ ಬಿದ್ದವು. ಇಲಿ ಬಿದ್ದವು ಎಂದರೆ ಪ್ಲೇಗು ಬಂತು ಎಂದೇ ಅರ್ಥ. ಮಂದಿ ಮನೆಗೆ ಕೀಲಿ ಹಾಕಿ, ಊರ ಹೊರಗೆ ಬಯಲಿನಲ್ಲಿ ಜೋಳದ ದಂಟಿನ ಗುಡಿಸಲು ಹಾಕಿಕೊಂಡರು. ಬೇನೆ ಅಡಗಿತು, ಆದರೆ ಮಂದಿ ತಿರುಗಿ ಹೋಗಲು ಒಲ್ಲೆ ಎಂದರು. ಆ ಓಣಿಯ ಒಳಕೋಣೆಗಳಲ್ಲಿ ನಡುಹಗಲಲ್ಲೂ ದೀಪ ಬೇಕು. ಅಲ್ಲಿ ಮನೆಗೊಂದು ಹೆಣ ಎದ್ದಿತ್ತು. ಗುಡಿಸಲಿನ ಜಾಗದಲ್ಲೇ ಒತ್ತೊತ್ತಾಗಿ, ಆದರೆ ಗಾಳಿ ಬೆಳಕು ಇರುವ ಹಾಗೆ ಸಾಲುಮನೆ ಕಟ್ಟಿಸಬೇಕು ಎಂದು ಹುಕುಂ ಬಂತು.

ಆಗಿನ ನಮ್ಮ ಇಂಜಿನಿಯರ್ ಸಾಹೇಬರು ಹೈದರಾಬಾದಿನವರು. ಕಲಬುರ್ಗಿಯಲ್ಲಿ ಬಹಳ ಕಾಲ ಇದ್ದು ಕನ್ನಡ ಕಲಿತಿದ್ದರು. ಎತ್ತರದ ಆಳು, ಬಾಯಲ್ಲಿ ಸದಾ ಪಾನು. ನಾನು ಮೂರು ದಿನ ಕೂತು ಬರೆದ ನಕ್ಷೆಯನ್ನು ಅವರ ಮುಂದೆ ಹಾಸಿದೆ. ಅವರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಸಂಗಪ್ಪಾ, ಇದು ಏನು?"

"ಮನಿ ನಕ್ಷಾ ಸಾಹೇಬ್ರ."

"ಮನಿ ಅದಾವ. ಮಂದಿ ಎಲ್ಲಿ ಅದಾರ?"

ಅವರು ಬಟ್ಟೆಯನ್ನು ಸುತ್ತಿ ನನ್ನ ಕಂಕುಳಿಗೆ ತುರುಕಿ, "ಅರೇ ಭಾಯಿ, ಮೊದಲು ಹೋಗಿ ಓಣಿಯಾಗ ಕೂಡು. ಹೊತ್ತು ಹುಟ್ಟಿದಾಗಿಂದ ಹೊತ್ತು ಮುಳುಗೋತನಾ ಕೂಡು. ಮಂದಿ ಮನಿ ಬಿಟ್ಟು ಎಲ್ಲೆಲ್ಲಿ ಇರ್ತಾರ ನೋಡು. ಆಮ್ಯಾಲೆ ಗೆರಿ ಎಳಿ" ಎಂದರು.

ಹುಡುಗರೇ, ನೌಕರಿಯಲ್ಲಿ ನನಗೆ ಸಿಕ್ಕ ವಿದ್ಯೆ ಇಷ್ಟೇ. ಇದಕ್ಕೆ ಯಾವ ಕಾಲೇಜೂ ಬೇಕಾಗಿಲ್ಲ, ಅಂಡು ಊರಿ ಕೂಡುವ ತಾಳ್ಮೆ ಬೇಕು. ಬೇನೆ ಮುಟ್ಟದ ಪಕ್ಕದ ಓಣಿಯ ಕಟ್ಟೆಯ ಮೇಲೆ ಹೋಗಿ ಕೂತೆ. ಮೊದಲ ದಿನ ನಾನು ಹೆಣ್ಣು ನೋಡಲಿಕ್ಕೆ ಬಂದವನೆಂದು ತಿಳಿದು ಒಬ್ಬರು ಅವಲಕ್ಕಿ ಕೊಟ್ಟರು. ಕೊಟ್ಟಿದ್ದನ್ನು ಬೇಡ ಎನ್ನಬಾರದೆಂದು ತಿಂದೆ. ಆಮೇಲೆ ನನ್ನ ಕಡೆ ಯಾರೂ ನೋಡಲಿಲ್ಲ, ನಾನು ಎಲ್ಲರನ್ನೂ ನೋಡಿದೆ.

ಆಗ ಕಂಡದ್ದು ಮಾಳಿಗೆ. ನಮ್ಮ ಕಡೆಯ ಮನೆಗಳಿಗೆ ಮೇಲೆ ಚಪ್ಪಟೆ ಮಣ್ಣಿನ ಮಾಳಿಗೆ ಇರುತ್ತದೆ, ಒಂದಕ್ಕೊಂದು ಹತ್ತಿಕೊಂಡು ಓಣಿಯುದ್ದಕ್ಕೂ ಸಾಗುತ್ತದೆ. ಕೆಳಗಿನ ಓಣಿ ಗಂಡಸರದು, ಮೇಲಿನ ಓಣಿ ಹೆಂಗಸರದು. ಶಾವಿಗೆ ಒಣಗಿಸುವುದು, ಮೆಣಸಿನಕಾಯಿ ಹರವುವುದು, ತಲೆ ಬಾಚುವುದು, ಅತ್ತೆಯ ಮೇಲೆ ಚಾಡಿ ಹೇಳುವುದು, ಎಲ್ಲ ಅಲ್ಲೇ. ಸೊಸೆಯೊಬ್ಬಳು ಓಣಿಗೆ ಕಾಲಿಡದೆ ಮಾಳಿಗೆಯ ಮೇಲಿಂದಲೇ ಆರು ಮನೆ ದಾಟಿ ಗೆಳತಿಯ ಮನೆಗೆ ಹೋಗಿ ಬರುತ್ತಿದ್ದಳು. ಬೇಸಿಗೆಯಲ್ಲಿ ಇಡೀ ಊರು ಮೇಲೆ ಮಲಗುತ್ತಿತ್ತು.

ಪ್ರತಿ ಮನೆಯ ಅಡಿಗೆ ಕೋಣೆಯ ಮೇಲೆ, ಮಾಳಿಗೆಯಲ್ಲಿ, ಒಂದು ಬೆಳಕಿಂಡಿ ಇರುತ್ತದೆ. ಬೆಳಕು ಒಳಗೆ ಬರುವುದೂ ಅದರಲ್ಲೇ, ಹೊಗೆ ಹೊರಗೆ ಹೋಗುವುದೂ ಅದರಲ್ಲೇ. ಮಳೆ ಬಂದರೆ ಮೇಲೆ ಹೋಗಿ ತಗಡೋ ಪರಸಿಕಲ್ಲೋ ಮುಚ್ಚಬೇಕು. ಓಣಿಯಲ್ಲಿ ಇದಕ್ಕೊಂದು ವಾಡಿಕೆ ಇತ್ತು. ಮೊದಲ ಹನಿ ಬಿದ್ದಾಗ ಮಾಳಿಗೆಯ ಮೇಲೆ ಯಾರಿರುತ್ತಾರೋ ಅವರು "ಕಿಂಡೀ..." ಎಂದು ಕೂಗುತ್ತ ಓಡಿ, ಸಾಲಿನ ಎಲ್ಲ ಮನೆಯ ಕಿಂಡಿಯನ್ನೂ ಮುಚ್ಚಬೇಕು. ಯಾರ ಮನೆ, ಯಾರೊಡನೆ ಮಾತು ಬಿಟ್ಟಿದೆ ಎಂದು ನೋಡುವ ಹಾಗಿಲ್ಲ. ಒಂದು ಸಂಜೆ ಇದನ್ನು ಕಣ್ಣಾರೆ ಕಂಡೆ. ಹಿಂದಿನ ದಿನವಷ್ಟೇ ಜಡೆ ಹಿಡಿದು ಜಗಳಾಡಿದ್ದವಳು ಬೈಯುತ್ತಲೇ ಓಡಿ ಬಂದು ಆ ಇನ್ನೊಬ್ಬಳ ಕಿಂಡಿ ಮುಚ್ಚಿ ಹೋದಳು.

ಈ ಎಲ್ಲವನ್ನೂ ಹೊಸ ಸಾಲುಮನೆಯಲ್ಲಿ ತಂದೆವು. ನಾಲ್ಕು ನಾಲ್ಕು ಮನೆಗೆ ನಡುವೆ ಒಂದು ಅಂಗಳ, ಅಂಗಳಕ್ಕೊಂದು ಬೇವಿನ ಗಿಡ. ಮುಂದೆ ಕಟ್ಟೆ, ಹಿಂದೆ ಸಣ್ಣ ಹಿತ್ತಲು. ಅಂಗಳದ ಒಂದು ಮೂಲೆಯಿಂದ ಎಲ್ಲರಿಗೂ ಒಂದೇ ಮೆಟ್ಟಿಲು, ಮೇಲೆ ಎಲ್ಲರಿಗೂ ಕೂಡಿದ ಮಾಳಿಗೆ. ಒಳಕೋಣೆಗೂ ಅಡಿಗೆ ಕೋಣೆಗೂ ಬೆಳಕಿಂಡಿ. ಮಂದಿಗೆ ನಕ್ಷೆ ಓದಲಿಕ್ಕೆ ಬರುವುದಿಲ್ಲವಲ್ಲ, ಸಾಹೇಬರು ಕಿನ್ನಾಳದ ಬೊಂಬೆ ಮಾಡುವವರೊಬ್ಬರಿಗೆ ಹೇಳಿ ಹಗುರ ಕಟ್ಟಿಗೆಯಲ್ಲಿ ಇಡೀ ಸಾಲನ್ನು ಮಾಡಿಸಿದರು. ಅವರು ಬರೀ ಮನೆ ಮಾಡುವವರೇ? ಕಟ್ಟೆಯ ಮೇಲೆ ಕೆಂಪು ರುಮಾಲಿನ ಮುದುಕ, ಮಾಳಿಗೆಯ ಮೇಲೆ ಮೊರ ಹಿಡಿದ ಹೆಂಗಸು, ಎಲ್ಲ ಮಾಡಿ ಬಣ್ಣ ಹಚ್ಚಿದ್ದರು. ಅದನ್ನು ಗುಡಿಸಲುಗಳ ನಡುವೆ ಒಂದು ಮೇಜಿನ ಮೇಲೆ ಇಟ್ಟೆವು.

ಅಲ್ಲಿಯೇ ಬಸವ್ವನನ್ನು ನಾನು ಮೊದಲು ಕಂಡದ್ದು. ಕಿರಾಣಿ ವ್ಯಾಪಾರದ ಮನೆತನ, ಒಂದು ಕಾಲಕ್ಕೆ ಅನುಕೂಲಸ್ಥರು. ಗಂಡ ಮೊದಲೇ ತೀರಿದ್ದ. ಒಬ್ಬನೇ ಮಗ ಈ ಪ್ಲೇಗಿನಲ್ಲಿ ಹೋದ. ಹಳೆಯ ಓಣಿಯ ಅದೇ ಕತ್ತಲ ಕೋಣೆಯಲ್ಲಿ ಅವನಿಗಿಂತ ಮೊದಲು ಎರಡು ಹಸುಗೂಸು ಮೊಮ್ಮಕ್ಕಳೂ ಹೋಗಿದ್ದವು. ಈಗ ಸೊಸೆ ಗಂಗವ್ವ ಬಸುರಿ. ಬಸವ್ವ ಮೇಜಿನ ಹತ್ತಿರ ಬಂದು ಕಟ್ಟಿಗೆಯ ಮನೆಯ ಕಿಂಡಿಯಲ್ಲಿ ಕಿರುಬೆರಳು ತೂರಿಸಿ ಕೇಳಿದಳು:

"ತಮ್ಮಾ, ಮಲಗಿದಲ್ಲಿಂದ ಮುಗಿಲು ಕಾಣತೈತೇನು?"

"ಕಾಣತೈತ್ರಿ ಅವ್ವಾರ."

"ಸುಳ್ಳು ಹೇಳಬ್ಯಾಡ. ನನ್ನ ಮಗಂದು ಅಂತ ಉಳಿದಿರೋದು ಅಕಿ ಹೊಟ್ಯಾಗಿರೋದು ಒಂದ. ಅದನ್ನ ಕತ್ತಲಿಗೆ ಕೊಡಾಂಗಿಲ್ಲ ನಾನು. ಈ ಕೂಸು ಉಳೀಬೇಕು."

ನಾನು ಮನೆಗೆ ಹೋಗಿ ನನ್ನ ತಾಯಿಗೆ ಈ ಮಾತು ಹೇಳಿದಾಗ ಅವಳು ಊಟ ಬಿಟ್ಟು ಎದ್ದಳು. ಅವಳಿಗೂ ಮೊದಲಿನ ಎರಡು ಕೂಸು ಉಳಿದಿರಲಿಲ್ಲ.

ಮನೆ ತಯಾರಾದವು. ಕಟ್ಟಿದ ಗೌಂಡಿ ಯಮನಪ್ಪ ಒಳ್ಳೆಯ ಕೆಲಸಗಾರ, ಬಾಯಿ ಮಾತ್ರ ಹರಕು. ಸಾಹೇಬರು ಜಾತಿ ಕುಲ ನೋಡದೆ ಚೀಟಿ ಎತ್ತಿ ಮನೆ ಹಂಚಿದರು. "ಪ್ಲೇಗು ನೋಡಿ ಬಂದಿತ್ತೇನು?" ಎಂಬುದು ಅವರ ಹಟ. ಬಸವ್ವನ ಮಗ್ಗುಲು ಮನೆ ಹನುಮವ್ವನಿಗೆ ಬಂತು. ಅವಳ ಗಂಡ ಕೊಪ್ಪಳದ ಸ್ಟೇಶನ್ನಿನಲ್ಲಿ ಹಮಾಲಿ. ಇರಕಲ್ಲಗಡದ ಕಡೆಯವರು, ಬೇಟೆಯ ಮಾಂಸ, ಕೋಳಿ ಎಲ್ಲ ತಿನ್ನುವ ಜನ. ಹನುಮವ್ವ ದಷ್ಟಪುಷ್ಟ ಹೆಂಗಸು. ಅವಳು ಮಾತಾಡಿದರೆ ಓಣಿಯ ಆ ತುದಿಗೆ ಕೇಳುತ್ತಿತ್ತು. ಅವಳ ಜೊತೆಗೆ ಅವಳ ಕೋಳಿಗಳೂ ಬಂದವು.

ಕೋಳಿಗೆ ಮಾಳಿಗೆಯ ಗಡಿ ಗೊತ್ತೇ? ಬಸವ್ವ ನೂಲಿನ ಎಳೆಯಂಥ ಶಾವಿಗೆ ಹೊಸೆದು ಒಣಹಾಕಿದರೆ ಅವು ಹೋಗಿ ಮೇಯ್ದು, ಮೇಲೆ ಪಿಕ್ಕೆಯನ್ನೂ ಇಕ್ಕಿ ಬರುತ್ತಿದ್ದವು. ಕೋಳಿ ಎಂಬ ಹೆಸರನ್ನೇ ಬಾಯಲ್ಲಿ ಆಡದ ಮನೆತನ ಅದು. ಜಗಳ ಹತ್ತಿತು.

"ನಿನ್ನ ಕೋಳಿ ಕಾಲು ಮುರೀತೀನಿ ನೋಡು!"

"ಮುರೀರಿ ಎವ್ವಾ, ಮುರದು ಸಾರು ಮಾಡಿಕೊಂಡು ಉಣ್ರಿ!"

"ಥೂ, ಶಿವ ಶಿವಾ!" ಬಸವ್ವ ಕಿವಿ ಮುಚ್ಚಿಕೊಂಡು ಒಳಗೆ ಓಡುತ್ತಿದ್ದಳು. ಕೆಳಗೆ ಕೆಲಸ ಮಾಡುತ್ತಿದ್ದ ಯಮನಪ್ಪನ ಆಳುಗಳು ಕೆಲಸ ಬಿಟ್ಟು ನಗುತ್ತಿದ್ದರು.

ನಗುವಂಥದ್ದೇ. ಆದರೆ ಬಸವ್ವನ ಹೆದರಿಕೆ ನಗುವಂಥದ್ದಲ್ಲ. ಹೊಲಸು, ಕಂಡವರ ಕಾಲಧೂಳು, ಕಂಡವರ ಕಣ್ಣು, ಏನು ಬಂದರೂ ಅದು ಹೊಟ್ಟೆಯಲ್ಲಿರುವ ಕೂಸಿಗೆ ತಾಕುತ್ತದೆ ಎಂದು ಅವಳಿಗೆ ಆಗಲೇ ನಡುಕ. ಮಾಳಿಗೆಯ ಮೇಲೆ ನಡುವೆ ಗೋಡೆ ಬೇಕು ಎಂದು ಪಟ್ಟು ಹಿಡಿದಳು. ಉಳಿದವರೂ ಸೇರಿಕೊಂಡರು. ಹಳೆಯ ಓಣಿಯಲ್ಲಿ ಎಲ್ಲರೂ ತಲೆತಲಾಂತರದ ನೆರೆಯವರು. ಇಲ್ಲಿ ಚೀಟಿಯಲ್ಲಿ ಬಂದವರು. ಅವರ ಜೋಳ ಇವರ ಜೋಳಕ್ಕೆ ಕಲೆಯಿತು, ಇವರ ಚಾಪೆ ಅವರ ಜಾಗದಲ್ಲಿ ಬಿತ್ತು ಎಂದು ದಿನಾ ಒಂದು ತಕರಾರು. ಎಲ್ಲ ಗಂಡಸರೂ ರುಮಾಲು ಸುತ್ತಿಕೊಂಡು ಸಾಹೇಬರ ಮುಂದೆ ಬಂದು ನಿಂತರು.

"ಮಾಳಿಗಿ ಮ್ಯಾಲ ಗ್ವಾಡಿ? ಮುಗಿಲಿಗೂ ಪಾಲು ಮಾಡ್ತೀರೇನು?" ಎಂದು ಸಾಹೇಬರು ನಕ್ಕರು. ಮಂದಿ ನಗಲಿಲ್ಲ. ಸಾಹೇಬರು ಪಾನು ಉಗುಳಿ, "ಇರೋರು ಅವರು. ಕಟ್ಟು ಸಂಗಪ್ಪಾ" ಎಂದು ಹೇಳಿ ಬೇರೆ ಕೆಲಸಕ್ಕೆ ಹೈದರಾಬಾದಿಗೆ ಹೊರಟುಹೋದರು.

ಹಸಿ ಇಟ್ಟಂಗಿಯ ಗೋಡೆಗಳು ಎದ್ದವು. ಮೆಟ್ಟಿಲು ಹನುಮವ್ವನ ಮಾಳಿಗೆಯ ಕಡೆ ಬಂದಿತ್ತಾದ್ದರಿಂದ ಉಳಿದ ಮನೆಯವರಿಗೆ ಹಿತ್ತಲಿನಿಂದ ಮೇಲೆ ಹತ್ತಲು ಒಂದೊಂದು ಏಣಿ ಕೊಟ್ಟೆವು. ಬಸವ್ವ ತನ್ನ ಪಾಲಿನ ಗೋಡೆಯನ್ನು ಆಳೆತ್ತರ ಮಾಡಿಸಿ, ಅದರ ಮೇಲೆ ಜಾಲಿಮುಳ್ಳು ಹೊದಿಸಿದಳು. ಮಾಳಿಗೆಯ ನೀರೆಲ್ಲ ಮೊದಲು ಒಂದೇ ಇಳಿಜಾರಿನಲ್ಲಿ ಹರಿದು ತುದಿಯ ಹರನಾಳದಿಂದ ಕೆಳಗೆ ಬೀಳುತ್ತಿತ್ತು. ಈಗ ಗೋಡೆಯ ಬುಡದಲ್ಲಿ ಯಮನಪ್ಪ ಒಂದೊಂದು ತೂತು ಬಿಟ್ಟ. "ಕೋಳಿ ತೂರದಷ್ಟು ಸಣ್ಣದು ಬಿಡು" ಎಂದು ಬಸವ್ವ ಮೇಲೆ ನಿಂತು ಹೇಳಿದಳು. ಓಣಿ ತಣ್ಣಗಾಯಿತು. ಜಗಳವೂ ನಿಂತಿತು, ಮಾತೂ ನಿಂತಿತು. ಗಂಗವ್ವ ಹೆತ್ತಳು. ಹೆಣ್ಣು ಕೂಸು, ಹತ್ತಿಯ ಹಿಂಜಿನಷ್ಟು ಹಗುರ. ಬಸವ್ವ ಅದರ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತ ಕೂಡುತ್ತಿದ್ದಳು ಎಂದು ಸೂಲಗಿತ್ತಿ ಹೇಳಿದಳು.

ಬೇಸಿಗೆಯ ಕೊನೆಯ ಒಂದು ಮಧ್ಯಾಹ್ನ ನಾನೂ ಯಮನಪ್ಪನೂ ಎದುರು ಸಾಲಿನ ಪಾಯದ ಹತ್ತಿರ ನಿಂತಿದ್ದೆವು. ಬಸವ್ವ ಬಾಣಂತಿಗೆ ಅಂಟಿನುಂಡಿ ಕಟ್ಟಲು ಬೆಲ್ಲ ಕೊಬ್ಬರಿ ತರಲಿಕ್ಕೆ ಪೇಟೆಗೆ ಹೊರಟಳು. ಬಾಗಿಲಲ್ಲಿ ನಿಂತು ಸೊಸೆಗೆ, "ಅಗಳಿ ಹಾಕಿಕೋ. ನಾ ಬಂದು ಕರಿಯೋತನಾ ಯಾರು ಬಂದ್ರೂ ತೆಗೀಬ್ಯಾಡ" ಎಂದು ಮೂರು ಸಲ ಹೇಳಿದ್ದು ನಮಗೆ ಕೇಳಿಸಿತು.

ಅವಳು ಹೋದ ಸ್ವಲ್ಪ ಹೊತ್ತಿಗೆ ಗುಡ್ಡದ ಹಿಂದಿನಿಂದ ಮೋಡ ಕಪ್ಪಗೆ ಎದ್ದಿತು. ಗಾಳಿ, ಧೂಳು, ಹಿಂದೆಯೇ ಆಣೆಕಲ್ಲಿನ ಮಳೆ. ಅಂಥ ಅಡ್ಡಮಳೆಯನ್ನು ನಾನು ಆಮೇಲೆ ನೋಡಿದ್ದು ಕಡಿಮೆ. ಮಾಳಿಗೆಗಳ ಮೇಲೆ "ಕಿಂಡೀ..." ಎಂಬ ಕೂಗು ಎದ್ದಿತು, ಆದರೆ ಓಡಲು ದಾರಿ ಎಲ್ಲಿದೆ? ಒಬ್ಬೊಬ್ಬರೂ ತಮ್ಮ ತಮ್ಮ ಗೋಡೆಯ ನಡುವೆ ತಮ್ಮ ಕಿಂಡಿಯನ್ನಷ್ಟೇ ಮುಚ್ಚಿದರು. ಬಸವ್ವನ ಕಿಂಡಿಯನ್ನು ಮುಚ್ಚುವವರು ಯಾರೂ ಇರಲಿಲ್ಲ.

ಒಳಗಿನಿಂದ ಗಂಗವ್ವನ ಚೀರು ಕೇಳಿಸಿತು. ನಾವು ಓಡಿಹೋಗಿ ಬಾಗಿಲು ಬಡಿದೆವು. "ಏಳಾಕ ಆಗವಲ್ದು... ನೀರು... ಕೂಸು..." ಎಂಬಷ್ಟೇ ಮಾತು. ಅವಳಿಗೆ ಎರಡು ದಿನದಿಂದ ಜ್ವರವಿತ್ತು ಎಂದು ಆಮೇಲೆ ತಿಳಿಯಿತು. ಬೆಚ್ಚಗಿರಲಿ ಎಂದು ಬಾಣಂತಿಯ ಹೊರಸನ್ನು ಅಡಿಗೆ ಕೋಣೆಯಲ್ಲಿ, ಒಲೆಯ ಪಕ್ಕದಲ್ಲೇ, ಸರಿಯಾಗಿ ಕಿಂಡಿಯ ಕೆಳಗೆ ಹಾಕಿದ್ದರು. ಮಲಗಿದಲ್ಲಿಂದ ಮುಗಿಲು ಕಾಣಬೇಕಲ್ಲ! ಗೋಡೆಯ ಬುಡದ ತೂತಿಗೆ ಕಸ ಸಿಕ್ಕಿ ಮಾಳಿಗೆಯ ಮೇಲೆ ನೀರು ನಿಂತು, ಆ ನೀರೆಲ್ಲ ಕಿಂಡಿಯಿಂದ ಕೆಳಗೆ ಧುಮುಕುತ್ತಿತ್ತು. ಮಣ್ಣಿನ ಮಾಳಿಗೆ ನೀರು ಕುಡಿದರೆ ಕುಸಿಯುತ್ತದೆ. ಯಮನಪ್ಪ ಬಾಗಿಲಿಗೆ ಹೆಗಲು ಕೊಟ್ಟು ಗುದ್ದಿದ. ಅವನೇ ನಿಂತು ಕೂಡಿಸಿದ ಬಾಗಿಲು, ಅಲ್ಲಾಡಲಿಲ್ಲ. ಹಿತ್ತಲಿನ ಕಡೆಗೂ ಆಳೆತ್ತರದ ಗೋಡೆ, ಅದರ ಮೇಲೂ ಜಾಲಿಮುಳ್ಳು.

ಅಷ್ಟರಲ್ಲಿ ಮೇಲಿನಿಂದ, ನನ್ನನ್ನು ಓವರ್‌ಸಿಯರ್ ಎಂದೇ ತಿಳಿದಿದ್ದ ಹನುಮವ್ವನ ದನಿ: "ಓರ್ಸೇರಪ್ಪಾ! ಹಾರಿ ಕೊಡ್ರಿ ಹಾರಿ!"

ಅಗೆತದ ಆಳುಗಳು ಬಿಟ್ಟು ಹೋಗಿದ್ದ ಕಬ್ಬಿಣದ ಹಾರಿಯನ್ನು ಹೊತ್ತು ನಾನು ಮೆಟ್ಟಿಲು ಹತ್ತಿದೆ. ಅವಳು ನನ್ನ ಕೈಯಿಂದ ಕಸಿದುಕೊಂಡಳು. ತಲೆಯ ಮೇಲೆ ಆಣೆಕಲ್ಲು ಬೀಳುತ್ತಿವೆ, ಹಣೆಯಲ್ಲಿ ರಕ್ತ. ನನಗೆ ಸರಕಾರಿ ಗೋಡೆ ಎಂಬುದು ನೆನಪಾಗಿ ಬಾಯಿ ತೆರೆದೆ. ಅವಳು ನನ್ನ ಕಡೆ ನೋಡಿದ ನೋಟಕ್ಕೆ ಬಾಯಿ ತಾನೇ ಮುಚ್ಚಿತು. ನಾಲ್ಕು ಏಟಿಗೆ ನೆನೆದ ಇಟ್ಟಂಗಿ ಸಡಿಲಾದವು. ಆಮೇಲೆ ಒದ್ದಳು. ಗೋಡೆ ಆಚೆ ಬಿತ್ತು, ಮೇಲಿನ ಮುಳ್ಳು ಅವಳ ತೋಳಿನ ಮೇಲೆ ಬಿತ್ತು. ಅದನ್ನು ಕಿತ್ತೊಗೆದು ಪಾದ ಮುಳುಗುವ ನೀರಿನಲ್ಲಿ ಹೋಗಿ ತಗಡು ಎಳೆದು ಕಿಂಡಿ ಮುಚ್ಚಿದಳು. ಹಾರಿಯಿಂದ ತೂತು ತಿವಿದು ನೀರು ಬಿಟ್ಟಳು. ಅಷ್ಟಕ್ಕೆ ನಿಲ್ಲದೆ ಬಸವ್ವನ ಏಣಿ ಇಳಿದು, ಹಿತ್ತಲು ದಾಟಿ, ತನಗೆ ಯಾವತ್ತೂ ಹೊಸ್ತಿಲು ತುಳಿಯಗೊಡದ ಆ ಅಡಿಗೆ ಕೋಣೆಯೊಳಗೆ ಹೋದಳು.

ಬಾಗಿಲು ತೆರೆದಾಗ ಅವಳ ಒಂದು ತೋಳಿನಲ್ಲಿ ಗಂಗವ್ವ ತೂಗಾಡುತ್ತಿದ್ದಳು. ಕೂಸು ಹನುಮವ್ವನ ಕುಬಸದೊಳಗೆ, ಎದೆಗೆ ಹತ್ತಿ ಇತ್ತು. ಅಳುತ್ತಿರಲಿಲ್ಲ. ಒಲೆ, ಅಗ್ಗಿಷ್ಟಿಕೆ ಎಲ್ಲ ನೀರಿನಲ್ಲಿ ಆರಿಹೋಗಿ ಮನೆಯಲ್ಲಿ ಒಂದು ಕಿಡಿ ಇರಲಿಲ್ಲ.

ಆ ಹೊತ್ತಿಗೆ ಬಸವ್ವ ಬಂದಳು. ತೊಪ್ಪ ತೊಯ್ದಿದ್ದಾಳೆ, ಕೈಯಲ್ಲಿಯ ಬೆಲ್ಲ ಕರಗಿ ಸೀರೆಗೆಲ್ಲ ಇಳಿದಿದೆ. ಪಡಸಾಲೆಯಲ್ಲಿ ಹನುಮವ್ವ ಕೂತಿದ್ದಾಳೆ.

"ಉಸುರು ಐತೇನು?" ಬಸವ್ವ ಬಾಗಿಲಲ್ಲೇ ನಿಂತು ಕೇಳಿದಳು.

"ಐತ್ರಿ ಎವ್ವಾ. ತಣ್ಣಗಾಗೈತಿ. ಬೆಂಕಿ ಬೇಕು." ಹನುಮವ್ವ ಕೇಳಿದಳು: "ನಮ್ಮ ಒಲಿಯಾಗ ಕೆಂಡ ಅದಾವ. ತರಲೇನ್ರಿ? ಇಲ್ಲಾಂದ್ರ ಆ ಮನಿಂದ..."

ಆ ಒಲೆಯ ಮೇಲೆ ಏನು ಬೇಯುತ್ತಿತ್ತು ಎಂಬುದು ಬಸವ್ವನಿಗೆ ದಿನಾ ಮೂಗಿಗೆ ಬಡಿಯುತ್ತಿದ್ದ ಸಂಗತಿ. ಅವಳು ಕೂಸಿನ ಮುಖ ನೋಡಿದಳು.

"ಅಕಿ ಏಳಬಾರದು, ಎದಿಗೆ ಹಚ್ಚಿಕೊಂಡಾಳ" ಎಂದು ನಮ್ಮ ಕಡೆ ತಿರುಗಿ ಹೇಳಿದಳು. "ನಾನ ತರ್ತೀನಿ." ಹಾಗೆಂದವಳೇ ತಾನೇ ಹನುಮವ್ವನ ಮನೆಯೊಳಗೆ ಹೋಗಿ, ಅವಳ ಒಲೆಯ ಕೆಂಡವನ್ನು ಹಂಚಿನಲ್ಲಿ ತುಂಬಿಕೊಂಡು, ಸೆರಗು ಮರೆಮಾಡಿ ತಂದಳು. ಅಗ್ಗಿಷ್ಟಿಕೆ ಹೊತ್ತಿತು. ಎಷ್ಟೋ ಹೊತ್ತಿನ ಮೇಲೆ ಕೂಸು ಬೆಕ್ಕಿನ ಮರಿಯ ಹಾಗೆ ಒಂದು ದನಿ ತೆಗೆಯಿತು. ಯಮನಪ್ಪ, ಆ ಹರಕು ಬಾಯಿಯ ಯಮನಪ್ಪ, ಕಟ್ಟೆಯ ಮೇಲೆ ಕೂತು ಗಳಗಳ ಅತ್ತ.

ಸಾಹೇಬರು ಊರಿಗೆ ಮರಳಿದ ದಿನವೇ ಕಚೇರಿಯ ಪೇಶ್ಕಾರರು ಚಾಡಿ ಮುಟ್ಟಿಸಿದರು. ಸರಕಾರಿ ಗೋಡೆ ಒಡೆದವರನ್ನು ಮನೆ ಬಿಡಿಸಬೇಕು ಎಂಬುದು ಕಾಯದೆ. ಸಾಹೇಬರು ನನ್ನನ್ನು ಕರೆದುಕೊಂಡು ಸಾಲುಮನೆಗೆ ಬಂದರು. ಅದೇ ಹೊತ್ತಿಗೆ ಬಸವ್ವನ ಮನೆಯಲ್ಲಿ ಕೂಸಿಗೆ ಹೆಸರಿಡುವ ಸಂಭ್ರಮ. ತೊಟ್ಟಿಲನ್ನು ಮಾಳಿಗೆಯ ಮೇಲೆ ಕಟ್ಟಿದ್ದರು. ಹೆಂಗಸರೆಲ್ಲ ಮೇಲೆ. ಸಾಹೇಬರು ಮೆಟ್ಟಿಲ ತುದಿಯಲ್ಲೇ ನಿಂತು ಮರ್ಯಾದೆಗೆ ಮುಖ ಅತ್ತ ತಿರುಗಿಸಿ ಗಂಟಲು ಸರಿಮಾಡಿಕೊಂಡರು.

"ಗ್ವಾಡಿ ಒಡದೋರು ಯಾರು?"

ಹನುಮವ್ವ ಎದ್ದು ನಿಂತಳು. ಬಸವ್ವ ಅವಳಿಗಿಂತ ಮುಂದೆ ಬಂದಳು.

"ನಾನ್ರಿ. ನಾನ ಕಟ್ಟಿಸಿದ್ದೆ, ನಾನ ಒಡಸೀನಿ."

"ಮತ್ತೆ ಕಟ್ಟಿಸಿ ಕೊಡೋಣೇನು?"

"ಕಟ್ಟಸ್ರಿ ಸಾಹೇಬ್ರ. ಮಳಿ ಬಂದಾಗ ನನ್ನ ಕಿಂಡಿ ಮುಚ್ಚಾಕ ಒಬ್ಬ ಸಿಪಾಯಿನ್ನ ಮಾಳಿಗಿ ಮ್ಯಾಲ ಕಾಯಮ್ ನಿಲ್ಲಸ್ರಿ. ಆಮ್ಯಾಲೆ ಕಟ್ಟಸ್ರಿ."

ಸಾಹೇಬರು ಬಾಯಲ್ಲಿದ್ದ ಪಾನು ಮೈಮೇಲೆ ಬೀಳುವ ಹಾಗೆ ನಕ್ಕರು. ಆ ಸಾಲಿನ ಎಲ್ಲ ಗೋಡೆಗಳನ್ನೂ ಮೊಣಕಾಲೆತ್ತರಕ್ಕೆ ಇಳಿಸಿದೆವು, ಮಂದಿಯೇ ಬಂದು ಕೈಹಚ್ಚಿದರು. ಮುಂದೆ ನಾನು ಬರೆದ ಯಾವ ನಕ್ಷೆಯಲ್ಲೂ ಮಾಳಿಗೆಗೆ ಅಡ್ಡಗೋಡೆ ಹಾಕಲಿಲ್ಲ. ಕೋಳಿಗಳಿಗೆ ಅಂಗಳದಲ್ಲಿ ಒಂದು ಗೂಡು ಮಾಡಿಸಿದೆ. ಅದಕ್ಕೂ ಒಂದು ನಕ್ಷೆ ಬರೆದೆ, ಸಾಹೇಬರು ಅದಕ್ಕೂ ಸಹಿ ಹಾಕಿದರು.

ಆದರೆ ಆ ದಿನ ನಾವು ಮೆಟ್ಟಿಲು ಇಳಿದು ಹೊರಡುವುದರೊಳಗೆ ನಡೆದದ್ದನ್ನು ಹೇಳಬೇಕು. ಹೆಸರಿಡುವಾಗ ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಊದಿ ಹೆಸರು ಹೇಳಬೇಕು. ಅವಳು ಬಗ್ಗಿದಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ, ಅದು ನಮ್ಮ ಕಡೆಯ ಪದ್ಧತಿ. ಬಸವ್ವನಿಗೆ ಹೆಣ್ಣುಮಕ್ಕಳಿರಲಿಲ್ಲ. ಕೂಸಿಗೆ ಸೋದರತ್ತೆ ಇಲ್ಲ. ಯಾರು ಕೂಡುತ್ತಾರೆ ಎಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

"ಹನುಮೀ, ಬಾ ಇಲ್ಲಿ" ಎಂದು ಬಸವ್ವ ಕರೆದಳು. 

ಹನುಮವ್ವ ದೂರ ಮೂಲೆಯಲ್ಲಿದ್ದವಳು ಹಿಂದೆ ಸರಿದಳು. "ಬ್ಯಾಡ್ರಿ ಎವ್ವಾ, ಮಂದಿ ಏನಂದಾರು..."

"ಮಂದಿ ಮಳಿಯಾಗ ಎಲ್ಲಿದ್ರು? ಬಾ ಅಂದ್ರ ಬಾ. ನನ್ನ ಮಗ ಶರಣಪ್ಪಗ ಅಕ್ಕ ತಂಗಿ ಇರಲಿಲ್ಲ. ಇವತ್ತಿನಿಂದ ನೀನ ಅದೀ. ಶರಣವ್ವ ಅಂತ ಹೇಳು."

ಮುಳ್ಳು ಗೀರಿದ ಗಾಯ ಇನ್ನೂ ಮಾಗದ ತೋಳಿನಿಂದ ತೊಟ್ಟಿಲು ಹಿಡಿದು ಹನುಮವ್ವ ಬಗ್ಗಿದಳು. ಓಣಿಯ ತುದಿಗೆ ಕೇಳುತ್ತಿದ್ದ ಆ ದನಿ ಅಂದು ಕೂಸಿನ ಕಿವಿಯನ್ನು ದಾಟಲಿಲ್ಲ. ಹೇಳಿ ಮುಗಿಸಿ ಹಾಗೆಯೇ ಬೆನ್ನು ಬಗ್ಗಿಸಿಕೊಂಡು ನಿಂತಳು. ಯಾವ ಹೆಂಗಸೂ ಕೈ ಎತ್ತಲಿಲ್ಲ. ಗುದ್ದಬೇಕಾದರೆ ಅವಳನ್ನು ಮುಟ್ಟಬೇಕಲ್ಲ. ಸಾಹೇಬರು ನನ್ನ ತೋಳು ಹಿಡಿದುಕೊಂಡಿದ್ದರು. ಆ ಹಿಡಿತ ನನಗೆ ಈಗಲೂ ನೆನಪಿದೆ.

ಬಸವ್ವ ಸೆರಗು ಸೊಂಟಕ್ಕೆ ಸಿಗಿಸಿದಳು. ಮುಷ್ಟಿ ಎತ್ತಿ ಹನುಮವ್ವನ ಬೆನ್ನಿಗೆ ಧಪ್ ಎಂದು ಒಂದು ಗುದ್ದಿದಳು. ಇನ್ನೊಂದು ಗುದ್ದಿದಳು. ಮತ್ತೊಂದಕ್ಕೆ ಎತ್ತಿದ ಕೈ ಮೇಲೇ ನಿಂತು, ಅವಳ ಬೆನ್ನ ಮೇಲೆ ತಲೆ ಇಟ್ಟು ಹೋ ಎಂದು ಅತ್ತಳು.